ನಡುವಿನ ಅಕ್ಷರ

ಅಪ್ಪನ ಮಣಿಕಟ್ಟನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹಿಡಿದಿದ್ದೇನೆ ಎಂದು ಅವಳಿಗೆ ಗೊತ್ತಿತ್ತು, ಆದರೂ ಸಡಿಲ ಬಿಡಲಿಲ್ಲ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ ನಡೆಯುವ ಶಾಲೆಯ ಗೇಟಿನಿಂದ ಶುರುವಾದ ಸಾಲು ಕಾಂಪೌಂಡ್ ಗೋಡೆಗುಂಟ ಹೋಗಿ ಮೂಲೆಯ ಜೆರಾಕ್ಸ್ ಅಂಗಡಿಯ ಮುಂದೆ ತಿರುಗಿಕೊಂಡಿತ್ತು. ಸಾಲಿನಲ್ಲಿದ್ದವರೆಲ್ಲ ಈಗಷ್ಟೇ ಮೀಸೆ ಮೂಡಿದ ಹುಡುಗರು, ಜಡೆಯ ತುದಿ ಕಚ್ಚುತ್ತ ಕೊನೇ ಗಳಿಗೆಯಲ್ಲಿ ಪುಸ್ತಕ ತಿರುವಿಹಾಕುತ್ತಿದ್ದ ಹುಡುಗಿಯರು. ಅವರ ಪಕ್ಕಕ್ಕೆ ನೀರಿನ ಬಾಟಲಿ, ಚೀಲ ಹಿಡಿದುಕೊಂಡ ತಾಯಂದಿರು. ಆ ತಾಯಂದಿರು ಅವಳ ಓರಗೆಯವರು. ಮುಂದೆ ನಿಂತಿದ್ದ ಒಬ್ಬಾಕೆ ತಿರುಗಿ ನೋಡಿ, ಸ್ನೇಹದಿಂದಲೇ, "ಮಗನಾ, ಮಗಳಾ ಬರೀತಿರೋದು?" ಎಂದು ಕೇಳಿದಳು. "ನಾನೇ" ಎಂದಾಗ ಆಕೆಯ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಒಂದು ಬಗೆಯ ಮೆಚ್ಚುಗೆ ಕಾಣಿಸಿತು. ಗಾಬರಿಯನ್ನಾದರೂ ಸಹಿಸಬಹುದಿತ್ತು. "ಒಳ್ಳೇದೇ ಬಿಡಿ, ಓದೋಕೇನು ವಯಸ್ಸು" ಎಂದು ಹೇಳಿ ಆಕೆ ತನ್ನ ಮಗನ ಕಾಲರು ಸರಿಮಾಡತೊಡಗಿದಳು. ಅಪ್ಪ ಕೈ ಎಳೆದುಕೊಳ್ಳಲು ನೋಡಿ, ಆಗದೆ, ಸಾಲನ್ನೆಲ್ಲ ಒಮ್ಮೆ ಕಣ್ಣಳತೆ ಮಾಡಿ, "ಇಷ್ಟು ಜನ ಇದಾರೆ, ಇನ್ನೂ ಯಾಕೆ ಬಸ್ಸು ಬಿಟ್ಟಿಲ್ಲ?" ಎಂದು ಜೋರಾಗಿ ಕೇಳಿದರು. ಜಡೆ ಕಚ್ಚುತ್ತಿದ್ದ ಹುಡುಗಿ ಕಿಸಕ್ಕೆಂದಳು.

ಸಿಟ್ಟು ಬೆಳಿಗ್ಗೆ ಶುರುವಾದದ್ದಲ್ಲ. ಬೆಳಿಗ್ಗೆ ಅದು ಎದ್ದು ಕೂತದ್ದು ಅಷ್ಟೇ. ವಾರವೆಲ್ಲ ಅಪ್ಪ ಅವಳ ಮನೆಯಲ್ಲಿ. ಭಾನುವಾರ ಮಾತ್ರ ಒಂದು ವಾರ ಅಣ್ಣನ ಸರದಿ, ಒಂದು ವಾರ ತಂಗಿಯದು. ಇವತ್ತು ಅಣ್ಣನದು. ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಗುಂಡಿ ಹಾಕುತ್ತಿರುವಾಗಲೇ ಅಣ್ಣನ ಫೋನು. "ನೋಡು, ಇವತ್ತೊಂದು ದಿನ ಹೇಗಾದ್ರೂ ಮಾಡು. ನಮ್ಮ ಮ್ಯಾನೇಜರು ಊಟಕ್ಕೆ ಬರ್ತಿದಾರೆ, ಹೆಂಡತೀನೂ ಕರ್ಕೊಂಡು. ಅವರ ಮುಂದೆ ಅಪ್ಪ ಏನಾದ್ರೂ ಎಡವಟ್ಟು ಮಾಡಿದ್ರೆ? ನಿಂಗೇ ಗೊತ್ತಲ್ಲ." ಇವತ್ತು ತನಗೆ ಪರೀಕ್ಷೆ ಎಂದು ಅವಳು ಹೇಳಿದಳು. "ಓ, ಅದಾ," ಎಂದ ಅಣ್ಣ, ಮರೆತಿದ್ದ ಒಂದು ಸಾಮಾನಿನ ಹೆಸರು ಕೇಳಿದವನಂತೆ. "ಅದು ವರ್ಷಾ ವರ್ಷಾ ಇರುತ್ತಲ್ಲ? ಇಲ್ಲಾಂದ್ರೆ ಚಿಕ್ಕವಳಿಗೆ ಹೇಳು." ಚಿಕ್ಕವಳು ಫೋನಿನಲ್ಲಿ ಹಲ್ಲುಜ್ಜುತ್ತಲೇ, "ಇವತ್ತು ಅವನ ಸರದಿ ತಾನೇ ಅಕ್ಕ? ಅವನಿಗೇ ಹೇಳು" ಎಂದಿದ್ದಳು. ತಂಗಿಯ ಗಂಡನ ಬಗ್ಗೆ ಅಣ್ಣ ಯಾವತ್ತೋ ಆಡಿದ ಒಂದು ಮಾತಿಗೆ ಅವರಿಬ್ಬರ ನಡುವೆ ಮಾತು ನಿಂತಿತ್ತು. ಅಂದಿನಿಂದ ಅವನಿಗೆ ಹೇಳು, ಅವಳಿಗೆ ಹೇಳು. ಅಣ್ಣ ಬೈದದ್ದನ್ನು ಇವಳೇ ಸೋಸಿ ತಂಗಿಗೆ ಹೇಳಬೇಕು, ತಂಗಿ ಕುಟುಕಿದ್ದನ್ನು ಸಕ್ಕರೆ ಹಾಕಿ ಅಣ್ಣನಿಗೆ ಹೇಳಬೇಕು. ಒಮ್ಮೊಮ್ಮೆ ರಾತ್ರಿ ಬಾಯಿ ಮುಕ್ಕಳಿಸುವಾಗ ತನ್ನ ಬಾಯಲ್ಲಿ ತನ್ನದೆಂಬ ಒಂದು ಮಾತೂ ದಿನವಿಡೀ ಬರಲಿಲ್ಲವಲ್ಲ ಎನಿಸುತ್ತಿತ್ತು.

ಗೇಟಿನಲ್ಲಿ ಕಾವಲುಗಾರ ಅಪ್ಪನನ್ನು ತಡೆದ. "ಅಭ್ಯರ್ಥಿಗಳು ಮಾತ್ರ." ಅವಳು ಹೇಳಿದಳು, ಇವರನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ, ಮರೆವು, ಒಳಗೆ ಎಲ್ಲಾದರೂ ಒಂದು ಕಡೆ ಕೂತಿರುತ್ತಾರೆ. ಕಾವಲುಗಾರ ತಲೆ ಅಲ್ಲಾಡಿಸಿದ. ಹಿಂದಿನವರು ದೂಡುತ್ತಿದ್ದರು. ಆಗ ಅವಳು ದನಿ ಏರಿಸದೆ, ಒಂದೊಂದೇ ಮಾತನ್ನು ಇಟ್ಟು ಹೇಳಿದಳು: "ಇವರನ್ನ ಈ ರಸ್ತೇಲಿ ಬಿಟ್ಟು ಹೋಗ್ತೀನಿ. ಏನಾದ್ರೂ ಆದ್ರೆ, ನಿಮಗೆ ಹೇಳಿಯೇ ಬಿಟ್ಟೆ ಅಂತ ಪೊಲೀಸರ ಹತ್ರ ಹೇಳ್ತೀನಿ. ನಿಮ್ಮ ಹೆಸರು ಬರ್ಕೊಳ್ಳಲಾ?" ಸಿಟ್ಟು ಬಂದರೆ ಬೇರೆಯವರ ಮಾತು ಕೆಡುತ್ತದೆ, ಅವಳ ಮಾತು ಜೋಡಣೆಯಾಗುತ್ತಿತ್ತು. ವಕೀಲಿಕೆ ಯಾಕೆ, ಈ ವಯಸ್ಸಲ್ಲಿ ಯಾಕೆ ಎಂದು ಕೇಳಿದವರಿಗೆಲ್ಲ ಅವಳು ಒಂದೊಂದು ಉತ್ತರ ಕೊಟ್ಟಿದ್ದಳು. ಈ ಕಾರಣವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕಾವಲುಗಾರ ಗೊಣಗುತ್ತ ದಾರಿ ಬಿಟ್ಟ. ಮೊದಲ ಮಹಡಿಯ ಮೊಗಸಾಲೆಯಲ್ಲಿ, ಪರೀಕ್ಷೆಯ ಕೋಣೆಯಿಂದ ಸ್ವಲ್ಪವೇ ಆಚೆ, ಬೆಂಚಿನ ಮೇಲೆ ಅಪ್ಪನನ್ನು ಕೂರಿಸಿ, ನೀರಿನ ಡ್ರಮ್ಮಿನ ಹತ್ತಿರ ಕೂತಿದ್ದ ಶಾಲೆಯ ಆಯಾಳನ್ನು ಬೇಡಿಕೊಂಡಳು. ದಪ್ಪ ಕನ್ನಡಕದ ಆಯಾ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಎದ್ದು ಓಡಲ್ಲ ತಾನೇ?" ಎಂದಳು. "ಇಲ್ಲ." "ಹಾಗಾದ್ರೆ ಹೋಗಿ ಬರಿ. ನನ್ನ ಮೊಮ್ಮಕ್ಕಳಿಗಿಂತ ವಾಸಿ."

ಕೋಣೆಯ ಡೆಸ್ಕು ಎಳೆಯರಿಗೆಂದು ಮಾಡಿದ್ದು. ಮೊಣಕಾಲು ಅಡಿಹಲಗೆಗೆ ಒತ್ತುತ್ತಿತ್ತು. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಮೇಲ್ವಿಚಾರಕ, ಅವನೂ ಹುಡುಗನೇ, ಎಲ್ಲರಿಗೂ "ಹಾಲ್ ಟಿಕೆಟ್" ಎಂದಷ್ಟೇ ಹೇಳುತ್ತ ಬಂದವನು ಅವಳ ಹತ್ತಿರ ಮಾತ್ರ "ಆಂಟಿ, ಹಾಲ್ ಟಿಕೆಟ್" ಎಂದ. ಭಾವಚಿತ್ರವನ್ನೂ ಅವಳನ್ನೂ ಎರಡು ಸಲ ನೋಡಿದ. ಬೆಂಚಿನ ಮೇಲೆ ಕೂತ ಅಪ್ಪನ ನರೆತ ತಲೆಯ ಒಂದು ತುಂಡು ಕಿಟಕಿಯ ಸರಳುಗಳ ನಡುವೆ ಕಾಣುತ್ತಿತ್ತು. ಅಪ್ಪ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಮೊದಲು ಹೊರಡಬೇಕು, ಯಾವುದು ಕಾಯಬೇಕು ಎಂದು ಸೀಟಿ ಊದಿ ಕೈ ಬೀಸಿದರೆ ಮುಗಿಯಿತು, ಎಂಥ ಡ್ರೈವರೂ ಎದುರಾಡುತ್ತಿರಲಿಲ್ಲ. ಮನೆಯಲ್ಲೂ ಹಾಗೇ. ಓದು ಮುಗಿಸಿ ಇದೇ ಪರೀಕ್ಷೆಗೆ ಕಟ್ಟುತ್ತೇನೆಂದು ಅವಳು ಹೇಳಿದ ದಿನ ಅಪ್ಪ ಕಾಲಿಗೆ ಸಾಕ್ಸು ಏರಿಸುತ್ತ, "ಮೊದಲು ಅಣ್ಣಂದೊಂದು ದಡ ಸೇರಲಿ, ಆಮೇಲೆ ಚಿಕ್ಕವಳ ಮದುವೆ, ಆಮೇಲೆ ನಿಂದು" ಎಂದಿದ್ದರು. ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಕಷ್ಟ. ಜಗಳ ತೆಗೆಯಲು ಒಂದು ಹಿಡಿಕೆಯೂ ಸಿಗದಷ್ಟು ನಯವಾಗಿತ್ತು ಆ ಮಾತು. ಅಣ್ಣ ದಡ ಸೇರಿದ, ತಂಗಿಯ ಮದುವೆಯಾಯಿತು, ಅಮ್ಮ ಹಾಸಿಗೆ ಹಿಡಿದಳು, ಹೋದಳು, ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆಯುತ್ತ, ಬಂದವರ ಮೂಗಿನ ಮೇಲೆ ಚೌಕಟ್ಟು ಕೂರಿಸಿ "ಈಗ ಸರಿ ಕಾಣುತ್ತಾ?" ಎಂದು ಕೇಳುತ್ತ ಉಳಿದಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಾಜು ಬರುವ ಲಕೋಟೆಗಳ ಹಿಂದೆ ಪರೀಕ್ಷೆಯ ಸರದಿ ಲೆಕ್ಕದ ಅಕ್ಷರಗಳನ್ನು ಸಾಲಾಗಿ ಬರೆದು ಅಳಿಸಿ ಅಭ್ಯಾಸ ಮಾಡುತ್ತಿದ್ದುದನ್ನು ನೋಡಿ ಅಂಗಡಿಯ ಯಜಮಾನ ಅವಳನ್ನು ವಕೀಲಮ್ಮ ಎಂದು ಕರೆಯತೊಡಗಿದ್ದ. "ವಕೀಲಮ್ಮಾ, ಯಾರು ಮೊದಲು ಯಾರು ಆಮೇಲೆ ಅಂತ ತೀರ್ಮಾನ ಆಯ್ತಾ? ಆಗಿದ್ರೆ ಆ ಷೋಕೇಸು ಒರೆಸು."

ಪ್ರಶ್ನೆಪತ್ರಿಕೆಯ ಮೊದಲ ಭಾಗ ಹೇಗೋ ಸಾಗಿತು. ಎರಡನೆಯ ಭಾಗ ಸರದಿಯದು. ಅವಳಿಗೆ ಇಷ್ಟವಾದದ್ದು, ಭಯವಾದದ್ದೂ ಅದೇ. ಒಂದು ಸಭೆಯಲ್ಲಿ ಕ, ಗ, ಚ, ತ, ಪ, ಮ ಎಂಬ ಆರು ಜನ ಒಬ್ಬರಾದ ಮೇಲೊಬ್ಬರು ಮಾತಾಡಬೇಕು. ಕ ಮಾತಾಡುವುದು ಗ-ಗಿಂತ ಮೊದಲು. ಗ ಮುಗಿಸಿದ ಕೂಡಲೇ ಚ. ತ ಒಂದೋ ಎಲ್ಲರಿಗಿಂತ ಮೊದಲು, ಇಲ್ಲವೇ ಎಲ್ಲರಿಗಿಂತ ಕೊನೆಗೆ. ಪ ಮತ್ತು ಮ ಒಬ್ಬರ ಬೆನ್ನಿಗೆ ಒಬ್ಬರು ಮಾತಾಡುವಂತಿಲ್ಲ. ಅವಳು ಆರು ಗೆರೆ ಎಳೆದಳು. ಮೊದಲ ಪ್ರಶ್ನೆ: ತ ಎಲ್ಲರಿಗಿಂತ ಮೊದಲು, ಚ ಎಲ್ಲರಿಗಿಂತ ಕೊನೆಗೆ ಮಾತಾಡಿದರೆ ಮೂರನೆಯವರು ಯಾರು? ತ ಮೊದಲ ಗೆರೆಯ ಮೇಲೆ ಕೂತಿತು. ಕೊನೆಯದರಲ್ಲಿ ಚ, ಅದರ ಹಿಂದಿನದರಲ್ಲಿ ಗ. ಇನ್ನುಳಿದ ಮೂರು ಗೆರೆ. ಅಷ್ಟರಲ್ಲಿ ಮೊಗಸಾಲೆಯಿಂದ ದನಿ ಬಂತು: "ಪುಟ್ಟಾ!"

ಪುಟ್ಟ ಎಂದರೆ ಅಣ್ಣ. ಬೊಕ್ಕತಲೆಯ, ಹೊಟ್ಟೆ ಬಂದ, ಮ್ಯಾನೇಜರಿಗೆ ಊಟ ಹಾಕುವ ಪುಟ್ಟ. "ಪುಟ್ಟಾ, ಎಲ್ಲಿ ಹೋದ್ಯೋ? ಪುಟ್ಟಾ!" ಡಿಪೋದ ಗದ್ದಲದಲ್ಲಿ ಈ ತುದಿಯಿಂದ ಆ ತುದಿಗೆ ಕೇಳುವಂತೆ ಪಳಗಿದ ಗಂಟಲು ಅದು, ಇನ್ನೂ ಒಡೆದಿರಲಿಲ್ಲ. ಕೋಣೆಯಲ್ಲಿ ತಲೆಗಳು ಮೇಲೆದ್ದವು. ಅವಳು ತಲೆ ಎತ್ತಲಿಲ್ಲ. ಪ, ಮ, ಕ. ಮೂರು ಅಕ್ಷರ, ಮೂರು ಗೆರೆ. ಹೊರಗೆ ಬೆಂಚು ಸರಿದ ಸದ್ದು. ಆಯಾಳ ದನಿ: "ತಾತ, ಕೂತ್ಕೊಳ್ಳಿ. ತಾತ, ಆ ಕಡೆ ಇದೆ, ಬನ್ನಿ ತೋರಿಸ್ತೀನಿ. ಅಯ್ಯೋ, ಇಲ್ಲಿ ಬೇಡ ತಾತ, ಇಲ್ಲಿ ಬೇಡ..." ಆಮೇಲೆ ಸಿಮೆಂಟು ನೆಲದ ಮೇಲೆ ನೀರು ಬೀಳುವ ಸದ್ದು, ಮೊದಲು ಜೋರಾಗಿ, ಆಮೇಲೆ ಬಿಟ್ಟು ಬಿಟ್ಟು. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಮೂಗಿನಿಂದ ಸದ್ದು ಮಾಡಿದರು. ಅವಳ ಕಿವಿಯ ತುದಿ ಸುಡುತ್ತಿತ್ತು. ಬಾಗಿಲಲ್ಲಿ ಆಯಾ ಬಂದು ನಿಂತಳು. ಅವಳ ಕಣ್ಣು ಆಯಾಳ ಕಣ್ಣನ್ನು ನೇರ ಸಂಧಿಸಿತು. ಬಾ ಎಂದು ಆಯಾ ಕೈ ಮಾಡಿದಳು. ಅವಳು ತಲೆ ಬಗ್ಗಿಸಿ ಪೆನ್ಸಿಲಿನ ಮೊನೆ ನೋಡಿದಳು.

ಮೇಲ್ವಿಚಾರಕ ಬಂದು ಡೆಸ್ಕಿನ ಮೇಲೆ ಬಾಗಿ ಪಿಸುಗುಟ್ಟಿದ. "ಆಂಟಿ, ಆಚೆ ಇರೋರು ನಿಮ್ಮವರಾ?"

"ಅವರು ನಮ್ಮಣ್ಣನ ತಂದೆ," ಎಂದಳು ಅವಳು.

ಹುಡುಗ ಗಲಿಬಿಲಿಗೊಂಡ. ಲೆಕ್ಕ ಬಿಡಿಸುವವನಂತೆ ಹುಬ್ಬು ಗಂಟಿಕ್ಕಿ, "ಅಂದ್ರೆ... ನೀವು ಹೋಗಿ ನೋಡ್ಬೋದು. ಆದ್ರೆ ಒಂದ್ಸಲ ಹೋದ್ರೆ ವಾಪಸ್ ಒಳಗೆ ಬಿಡೋ ಹಾಗಿಲ್ಲ. ರೂಲ್ಸು."

"ನಾನು ಹೋಗಲ್ಲ."

"ಅಲ್ಲ, ಅವರು ಒದ್ದೆ..."

"ನಾನು ಹೋಗಲ್ಲ ಅಂದ್ನಲ್ಲ. ಸಮಯ ಹೋಗ್ತಿದೆ, ಪಕ್ಕಕ್ಕೆ ಬನ್ನಿ. ಬೆಳಕು ಬೇಕು."

ಅವನು ಸರಿದ. ಅವಳು ಪೆನ್ಸಿಲನ್ನು ಮತ್ತೆ ಗೆರೆಗಳ ಮೇಲೆ ತಂದಳು. ಪ ಮತ್ತು ಮ ಒಬ್ಬರ ಬೆನ್ನಿಗೆ ಒಬ್ಬರು ಬರುವಂತಿಲ್ಲ. ಜಾಗ ಇರುವುದು ಮೂರು. ಪ ಮೊದಲು ಬರಲಿ, ಮ ಮೊದಲು ಬರಲಿ, ಅವರಿಬ್ಬರ ನಡುವೆ ಕ ನಿಲ್ಲಲೇಬೇಕು. ಮೂರನೆಯವರು ಕ. ಉತ್ತರ ಅಷ್ಟು ಸಲೀಸಾಗಿತ್ತು. ಅವಳು ಉತ್ತರಪತ್ರಿಕೆಯ ವೃತ್ತ ತುಂಬಲಿಲ್ಲ, ಕೊಟ್ಟ ನಿಬಂಧನೆಗಳನ್ನು ಮತ್ತೆ ಮೊದಲಿಂದ ಓದಿದಳು, ಬೆರಳಿಟ್ಟು ಓದಿದಳು. ಕ ಮೂರನೆಯವರಾಗಿರಬೇಕೆಂದು ಎಲ್ಲೂ ಹೇಳಿರಲಿಲ್ಲ. ಪ ಮತ್ತು ಮ ನಡುವೆ ನಿಲ್ಲಬೇಕೆಂದು ಎಲ್ಲೂ ಬರೆದಿರಲಿಲ್ಲ. ಯಾರೂ ಕ-ವನ್ನು ಅಲ್ಲಿ ನಿಲ್ಲು ಎಂದಿರಲಿಲ್ಲ. ತ-ಗೆ ತನ್ನ ಜಾಗ ಬೇಕಿತ್ತು, ಗ ಮತ್ತು ಚ ಕೈ ಕೈ ಹಿಡಿದುಕೊಂಡಿದ್ದರು, ಪ-ಗೆ ಮ ಆಗದು, ಮ-ಗೆ ಪ ಆಗದು. ಎಲ್ಲರ ಬೇಕು ಬೇಡಗಳು ಮುಗಿದ ಮೇಲೆ ಉಳಿದ ಒಂದೇ ಒಂದು ತೂತಿಗೆ ಕ ಸರಿಯಾಗಿ ಹೊಂದಿತ್ತು. ಇಷ್ಟು ವರ್ಷ ಅವಳು ಹುಡುಕುತ್ತಿದ್ದುದು ಒಬ್ಬ ಅಪರಾಧಿಯನ್ನು. ಯಾರು ನನ್ನನ್ನು ಇಲ್ಲಿ ನಿಲ್ಲಿಸಿದರು ಎಂದು. ಅಪ್ಪನಾ, ಅಣ್ಣನಾ, ಸತ್ತ ಅಮ್ಮನಾ? ಯಾರೂ ನಿಲ್ಲಿಸಿರಲಿಲ್ಲ, ಮತ್ತು ಎಲ್ಲರೂ ನಿಲ್ಲಿಸಿದ್ದರು. ಸಿಟ್ಟು ಕಾಲಿನಿಂದ ಮೇಲೆ ಹತ್ತಿತು, ಆದರೆ ಬೆಳಗಿನ ಸಿಟ್ಟಲ್ಲ ಇದು. ತಣ್ಣಗಿತ್ತು, ಚೊಕ್ಕವಾಗಿತ್ತು, ಕೊರೆದ ಗಾಜಿನ ಅಂಚಿನ ಹಾಗೆ. ಅವಳು ವೃತ್ತವನ್ನು ಕಪ್ಪಗೆ ತುಂಬಿದಳು, ಕಾಗದ ಹರಿಯುವಷ್ಟು ಒತ್ತಿ. ಮುಂದಿನದು. ಅದರ ಮುಂದಿನದು. ಹೊರಗೆ ನೆಲ ಒರೆಸುವ ಬಟ್ಟೆಯನ್ನು ಬಕೀಟಿನಲ್ಲಿ ಅದ್ದಿ ಹಿಂಡುವ ಸದ್ದು ಬರುತ್ತಿತ್ತು. ಕೊನೆಯ ಗಂಟೆಯವರೆಗೂ ಅವಳು ಕಿಟಕಿಯ ಕಡೆ ನೋಡಲಿಲ್ಲ.

ಹೊರಗೆ ಬಂದಾಗ ಅಪ್ಪ ಅದೇ ಬೆಂಚಿನ ಮೇಲಿದ್ದರು, ಶಾಲೆಯ ಆಟದ ಕೋಣೆಯಿಂದ ತಂದ ನೀಲಿ ಪ್ಯಾಂಟಿನಲ್ಲಿ. ಬದಿಯಲ್ಲಿ ಬಿಳಿ ಪಟ್ಟಿ. ಯಾವನೋ ಹುಡುಗನದು, ಮೊಣಕಾಲಿನ ಸ್ವಲ್ಪ ಕೆಳಗೇ ಮುಗಿದುಹೋಗಿ, ರೋಮವಿಲ್ಲದ ತೆಳ್ಳನೆ ಕಣಕಾಲುಗಳು ಹೊರಗೆ ಉಳಿದಿದ್ದವು. ಆ ಕಾಲುಗಳನ್ನು ಅವಳು ದಿನಾ ತೊಳೆದು ಒರೆಸುವವಳು. ಆದರೂ ಈಗ ಮೊದಲ ಸಲ ನೋಡುತ್ತಿರುವಂತಾಯಿತು. ಆಯಾ ಒದ್ದೆ ಪ್ಯಾಂಟಿನ ಪ್ಲಾಸ್ಟಿಕ್ ಚೀಲವನ್ನು ಅವಳ ಕೈಗೆ ತುರುಕಿದಳು.

"ಎಂಥಾ ಮಗಳಮ್ಮ ನೀನು? ನಾನು ಬಾಗಿಲಿಗೆ ಬಂದು ಕರೆದೆ."

"ಹೌದು."

"ನೀನು ನೋಡ್ದೆ. ನೋಡಿ ತಲೆ ತಗ್ಗಿಸ್ದೆ."

"ಹೌದು, ನೋಡಿದೆ."

ಬೈಯಲು ಸಿದ್ಧಳಾಗಿದ್ದ ಆಯಾ, ಅವಳು ತಪ್ಪಿಸಿಕೊಳ್ಳದೆ ನಿಂತದ್ದನ್ನು ಕಂಡು ತಡವರಿಸಿದಳು. ಮುದುಕ ಅಳುತ್ತಿದ್ದ ಎಂದಳು. ತಾನು ಅಂಗಿಯ ತುದಿ ಎತ್ತಿ ಹಿಡಿದು ಪ್ಯಾಂಟು ಬಿಚ್ಚುವಾಗ ಮುಖ ಮುಚ್ಚಿಕೊಂಡಿದ್ದ ಎಂದಳು. ಅವಳು ಪ್ಲಾಸ್ಟಿಕ್ ಚೀಲದ ಬಾಯಿಗೆ ಗಂಟು ಹಾಕಿದಳು. ಕ್ಷಮೆ ಕೇಳಲು ಬಾಯಿ ತೆರೆದರೆ ಅದರ ಹಿಂದೆಯೇ ಅಣ್ಣನ ಮ್ಯಾನೇಜರು, ತಂಗಿಯ ಹಲ್ಲುಪುಡಿಯ ನೊರೆ ಎಲ್ಲ ಬರುತ್ತಿತ್ತು. ಅದನ್ನೆಲ್ಲ ಕೇಳಿಸಿಕೊಳ್ಳಬೇಕಾದವಳು ಈ ಹೆಂಗಸಲ್ಲ. ಕೈ ಮುಗಿದಳು. "ಹೋಗು, ಹೋಗು," ಎಂದಳು ಆಯಾ, ಮುಖ ತಿರುಗಿಸಿ. "ಬರೆದದ್ದು ಚೆನ್ನಾಗಾದ್ರೂ ಆಯ್ತಾ?" ಅವಳು ತಲೆಯಾಡಿಸಿದಳು. ಚೆನ್ನಾಗಿ ಆಗಿತ್ತು. ಅದನ್ನು ಹೇಳುವಾಗಲೂ ನಾಚಿಕೆಯಾಯಿತು.

ಟ್ಯಾಕ್ಸಿ ಹತ್ತಿ ಅಣ್ಣನ ಮನೆಯ ವಿಳಾಸ ಹೇಳಿದಳು. ಅಪ್ಪ ಕಿಟಕಿಯ ಪಕ್ಕ ಕೈ ಕಟ್ಟಿ ಕೂತರು. ಸ್ವಲ್ಪ ದೂರ ಹೋದ ಮೇಲೆ ಅವಳ ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯ ಮೇಲಿನ ದಪ್ಪ ಅಕ್ಷರಗಳನ್ನು ಕೂಡಿಸಿ ಓದಿ, ಅವಳ ಕಡೆ ತಿರುಗಿ ಸ್ವಲ್ಪ ನೆಟ್ಟಗಾದರು.

"ನೀವು ವಕೀಲರಾ?"

ಅಪ್ಪ ಅವಳಿಗೆ ನೀವು ಎಂದದ್ದು ಹುಟ್ಟಿದಂದಿನಿಂದ ಇದೇ ಮೊದಲು. "ಹ್ಞೂಂ," ಎಂದಳು.

"ಒಂದು ಕೇಸಿದೆ. ನನ್ನ ಮಗಳ ಮೇಲೆ."

ಕನ್ನಡಿಯಲ್ಲಿ ಟ್ಯಾಕ್ಸಿಯವನ ಕಣ್ಣು ಒಮ್ಮೆ ಇತ್ತ ಬಂದು ಹೋಯಿತು. "ಹೇಳಿ," ಎಂದಳು ಅವಳು.

"ನನ್ನನ್ನ ಆಚೆ ಕೂರಿಸಿ ಒಳಗೆ ಹೋಗಿ ಕೂತ್ಬಿಟ್ಲು. ನಾನು ಕೂಗಿದೆ. ಎಷ್ಟು ಕೂಗಿದೆ! ಬರಲಿಲ್ಲ. ಎಲ್ಲರ ಎದುರಿಗೆ ಮಾನ ಹೋಯ್ತು ನಂದು."

"ಯಾರನ್ನ ಕೂಗಿದ್ರಿ?"

"ಮಗನ್ನ."

"ಮಗನ ಹೆಸರು ಹಿಡಿದು ಕೂಗಿದ್ರಾ?"

"ಹೌದು. ಪುಟ್ಟಾ ಅಂತ."

ಅವಳ ಗಂಟಲಲ್ಲಿ ಬೆಳಗಿನಿಂದ ಕಾದಿದ್ದ ಮಾತು ಬಾಣದ ಹಾಗೆ ನೇರವಾಗಿ ಬಂತು. "ಮಗನ್ನ ಕೂಗಿದ್ರೆ ಮಗಳು ಯಾಕೆ ಬರ್ಬೇಕು? ಹೇಳಿ. ಕರೆದದ್ದು ಅವನನ್ನ, ತಪ್ಪು ಇವಳದ್ದು. ಇದು ಯಾವ ನ್ಯಾಯ?"

ಅಪ್ಪ ಯೋಚಿಸಿದರು. ಪ್ರಶ್ನೆ ಕಷ್ಟದ್ದೆಂದು ಅವರಿಗೆ ಅನಿಸಿದಂತಿರಲಿಲ್ಲ, ಇಷ್ಟು ಓದಿದವರಿಗೆ ಇಷ್ಟೂ ತಿಳಿಯದಲ್ಲ ಎಂದು ಅನಿಸಿದಂತಿತ್ತು.

"ಯಾರನ್ನ ಕೂಗಿದ್ರೂ ಬರ್ತಿದ್ದಿದ್ದು ಅವಳೇ ಅಲ್ವಾ?" ಎಂದರು.

ಅವಳು ತನ್ನ ಬದಿಯ ಕಿಟಕಿಗೆ ತಿರುಗಿದಳು. ರಸ್ತೆಯಲ್ಲಿ ಅಂಗಡಿಗಳ ಷಟರುಗಳು ಅರ್ಧ ಎಳೆದಿದ್ದವು, ಭಾನುವಾರದ ಖಾಲಿ ಬೆಳಕು ಡಾಂಬರಿನ ಮೇಲೆ ಬಿದ್ದಿತ್ತು. ಅವಳು ಅಳಲಿಲ್ಲ. ಇನ್ನಷ್ಟು ಸಿಟ್ಟು ಬಂತು. ಗೊತ್ತಿತ್ತಲ್ಲ ಇವರಿಗೆ! ಅಷ್ಟೂ ವರ್ಷ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದರು ಎಂದು ತಾನೇ ಎಷ್ಟೋ ರಾತ್ರಿ ಅವರ ಪರವಾಗಿ ವಾದಿಸಿ ಅವರನ್ನು ಬಿಡಿಸಿಕೊಂಡು ಬಂದಿದ್ದಳು. ಅಪ್ಪ ಅವಳ ಮೌನವನ್ನು ಕಾನೂನಿನ ಯೋಚನೆ ಎಂದುಕೊಂಡು ಕಾಯುತ್ತ ಕೂತರು. ಪ್ಯಾಂಟು ಮೇಲೆ ಸರಿದು ಮೊಣಕಾಲು ಕಾಣುತ್ತಿತ್ತು. ಅವಳು ತನ್ನ ದುಪಟ್ಟಾ ತೆಗೆದು ಅವರ ಕಾಲಿನ ಮೇಲೆ ಹಾಸಿದಳು, ಒರಟಾಗಿ.

ಅಣ್ಣನ ಮನೆಯ ಬಾಗಿಲಲ್ಲಿ ಹೊಸ ಚಪ್ಪಲಿಗಳಿದ್ದವು. ಒಳಗಿಂದ ನಗು, ಚಮಚಗಳ ಸದ್ದು. ಗಂಟೆ ಒತ್ತಿದಾಗ ಬಾಗಿಲು ತೆರೆದವನು ಅಣ್ಣನೇ. ಮುಖದ ಮೇಲೆ ಮ್ಯಾನೇಜರಿಗೆಂದು ಇಟ್ಟುಕೊಂಡಿದ್ದ ನಗು ಇನ್ನೂ ಇತ್ತು. ಅಪ್ಪನ ಕಾಲು ನೋಡಿ ಅದು ಜಾರಿತು.

"ಇದೇನಿದು ಅವತಾರ? ಹೇಳಿದ್ನಲ್ಲ ನಾನು, ಜನ ಇದಾರೆ ಅಂತ."

"ಇವತ್ತು ನಿನ್ನ ಸರದಿ."

"ಮೆಲ್ಲಗೆ. ಒಂದು ಗಂಟೆ ಹೊತ್ತು ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬಾ. ಇಲ್ಲಾ ಚಿಕ್ಕವಳ ಮನೆಗೆ..."

"ಅವಳಿಗೆ ನೀನೇ ಫೋನ್ ಮಾಡಿ ಹೇಳು. ನಂಬರು ಇದೆ ತಾನೇ? ಇನ್ನು ಮೇಲೆ ನಾನು ಯಾರಿಗೂ ಏನೂ ಹೇಳಲ್ಲ."

ಈ ಮಾತು ಮುಗಿಯುವುದರೊಳಗೆ ಅಪ್ಪ ಮಗನ ತೋಳಿನ ಕೆಳಗಿಂದ ನುಸುಳಿ ಒಳಗೆ ಹೋಗಿದ್ದರು. ಊಟದ ಮೇಜಿನಲ್ಲಿ ಮಾತು ನಿಂತಿತು. ಅತ್ತಿಗೆ ಎದ್ದು ನಿಂತಳು. ಸೂಟಿನವರೊಬ್ಬರು ಕೈಯಲ್ಲಿ ತುತ್ತು ಹಿಡಿದು ಕುಳಿತಲ್ಲೇ ಕುಳಿತರು. ಅಪ್ಪ ಅವರೆಲ್ಲರಿಗೂ ನಮಸ್ಕಾರ ಮಾಡಿ, ಖಾಲಿ ಇದ್ದ ಕುರ್ಚಿ ಎಳೆದು, ಬಿಳಿ ಪಟ್ಟಿಯ ನೀಲಿ ಪ್ಯಾಂಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರು. ಆಮೇಲೆ ನೆನಪಾದವರಂತೆ ಬಾಗಿಲ ಕಡೆ ಕೈ ತೋರಿಸಿದರು.

"ಪುಟ್ಟಾ, ಅವರು ವಕೀಲರು. ಬೆಳಿಗ್ಗೆಯಿಂದ ನನ್ನ ಜೊತೆ ಇದಾರೆ. ಫೀಸು ಕೊಟ್ಟು ಕಳಿಸು."

ಮ್ಯಾನೇಜರು ಗೌರವದಿಂದ ಬಾಗಿಲ ಕಡೆ ತಿರುಗಿ ಅವಳಿಗೆ ತಲೆಯಾಡಿಸಿದರು. ಅಣ್ಣ ಅವರನ್ನು ನೋಡಿ ಹಲ್ಲು ಕಿರಿದ, ಆಮೇಲೆ ಅವಳನ್ನು ನೋಡಿ ಕಣ್ಣಲ್ಲೇ ಬೇಡಿಕೊಂಡ: ನಗು, ನಕ್ಕುಬಿಡು, ಒಳಗೆ ಬಂದು ಏನಾದರೊಂದು ಹೇಳಿ ಸರಿಮಾಡು.

ಅವಳು ಹೊಸ್ತಿಲಿನ ಆಚೆಯೇ ನಿಂತು, ಅವನ ಮುಂದೆ ಕೈ ಚಾಚಿದಳು.